ಇಂದಿನ ಧಮ್ಮ ಚಿಂತನೆ: ಹರಕೆ ಬಿಟ್ಟ ಮೇಲೆ ಏನು?



1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಬಿಡಬೇಕಾದವೂ ಇವೆ, ಹಿಡಿಯಬೇಕಾದವೂ ಇವೆ. ಬಿಟ್ಟದ್ದನ್ನು ಭಾಷಣದಲ್ಲಿ ಹೇಳುತ್ತೇವೆ. ಹಿಡಿದದ್ದು ಗೊತ್ತಾಗುವುದು ಮನೆಗೆ ಕಾಯಿಲೆ ಬಂದಾಗ.

ಶಿಕಾರಿಪುರದ ನಮ್ಮ ಮನೆಯಲ್ಲಿ ಅಪ್ಪನಿಗೆ ಬೈಪಾಸ್ ಆಪರೇಷನ್ ಆಗಬೇಕೆಂದಾಗ ಸೊರಬದ ಅತ್ತೆ ಫೋನ್ ಮಾಡಿದರು: “ಚಂದ್ರಗುತ್ತಿ ಅಮ್ಮಂಗೆ ಹರಕೆ ಹೊತ್ಕೊಳ್ಳೋ. ಅಣ್ಣಂಗೆ ಏನಾದ್ರೂ ಆದ್ರೆ ನಿನ್ನ ಬುದ್ಧ ಬರ್ತಾನಾ?” ಅತ್ತೆಯ ಭಯ ಸುಳ್ಳಲ್ಲ, ನನಗೂ ಅದೇ ಭಯವಿತ್ತು. “ಹರಕೆ ಬೇಡ ಅತ್ತೆ, ನೀವೇ ಬನ್ನಿ” ಎಂದೆ. ಬಂದರು.

ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸಿದ್ದರು. ಸೀಳಿದ ಎದೆಮೂಳೆ ಕೂಡಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಕೆಮ್ಮು ಬಂದರೆ ಎದೆಗೆ ದಿಂಬು ಒತ್ತಿ ಹಿಡಿಯಬೇಕು. ರಾತ್ರಿಯೆಲ್ಲ ಎದ್ದು ಹಿಡಿದವರು ಅತ್ತೆ. ಕಾಲಿನ ಗಾಯ ನೋಡಿಕೊಂಡವಳು ನನ್ನ ಹೆಂಡತಿ. ಮೈ ಒರೆಸಿದವನು ನಾನು.

ಭೇದಿಯಾಗಿ ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಕುವನ್ನು ಬುದ್ಧರು ಆನಂದರ ಜೊತೆ ಸೇರಿ ಕೈಯಾರೆ ತೊಳೆದು ಮಲಗಿಸಿದ ಪ್ರಸಂಗ ವಿನಯ ಪಿಟಕದಲ್ಲಿದೆ. ತಮ್ಮ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂಬುದು ಅಲ್ಲಿ ಅವರ ಮಾತಿನ ಸಾರ. ರೋಗ ವಾಸಿಯಾಗುತ್ತದೆಂಬ ಭರವಸೆಯನ್ನು ಅವರು ಕೊಡಲಿಲ್ಲ. ರೋಗಿಯನ್ನು ಒಂಟಿಯಾಗಿ ಬಿಡಬಾರದು ಎಂದರು. ನಮ್ಮ ಶ್ರದ್ಧೆ ಇಷ್ಟೇ.

ಅಪ್ಪ ಈಗ ಹುಚ್ಚರಾಯನ ಕೆರೆ ಏರಿಯ ಮೇಲೆ ನಿಧಾನ ನಡೆಯುತ್ತಾರೆ. ಅತ್ತೆ ಈಗಲೂ ಚಂದ್ರಗುತ್ತಿಗೆ ಹೋಗುತ್ತಾರೆ. ಆದರೆ ಬುದ್ಧ ಬರ್ತಾನಾ ಎಂದು ಮತ್ತೆ ಕೇಳಿಲ್ಲ.

ನಿಮ್ಮ ಕೇರಿಯಲ್ಲಿ ಇವತ್ತು ಹಾಸಿಗೆ ಹಿಡಿದವರು ಯಾರು? ಸಂಜೆಯ ವಂದನೆಗೆ ಮುಂಚೆ ಒಮ್ಮೆ ಹೋಗಿ ಬನ್ನಿ.

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್ 💙