ಬಾಗಬೇಕಾದ್ದು ಬಿಂಬವೋ ದನಿಯೋ?

ಹೊಳೆಯ ಆಚೆ ದಡದಲ್ಲಿ ಒಬ್ಬನು ಬಟ್ಟೆಯನ್ನೆತ್ತಿ ಕಲ್ಲಿಗೆ ಬಡಿಯುತ್ತಿರುವುದನ್ನು ಈಚೆ ದಡದಲ್ಲಿ ನಿಂತು ನೋಡಿದವರಿಗೆಲ್ಲ ಒಂದು ಸಂಗತಿ ಗೊತ್ತು. ಬಟ್ಟೆ ಕಲ್ಲನ್ನು ಮುಟ್ಟಿದ್ದು ಮೊದಲು ಕಾಣುತ್ತದೆ. ಸದ್ದು ತುಸು ತಡೆದು ಕೇಳುತ್ತದೆ. ಬೆಳಕು ಆ ಕ್ಷಣವೇ ಬಂದು ಮುಟ್ಟಿದರೆ, ಸದ್ದು ಸೆಕೆಂಡಿಗೆ ಸುಮಾರು 340 ಮೀಟರಿನಂತೆ ದಾರಿ ಸವೆಸಿ ಬರಬೇಕು. ಇದನ್ನು ಯಾರೂ ಮೋಸವೆನ್ನುವುದಿಲ್ಲ. ದೂರವನ್ನು ಲೆಕ್ಕಕ್ಕೆ ಹಿಡಿದು ಮನಸ್ಸು ತಾನೇ ಸಮಾಧಾನ ತಂದುಕೊಳ್ಳುತ್ತದೆ. ಆದರೆ ಸದ್ದು ಮೊದಲು ಕೇಳಿ ಬಟ್ಟೆ ಆಮೇಲೆ ಕಲ್ಲಿಗೆ ಬಿದ್ದರೆ? ಲೋಕದಲ್ಲಿ ಎಲ್ಲಿಯೂ ಹಾಗೆ ನಡೆಯುವುದಿಲ್ಲ. ಆದುದರಿಂದ ಮನಸ್ಸು ಅದನ್ನು ಕ್ಷಮಿಸುವುದೂ ಇಲ್ಲ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಹೊರಡಿಸಿದ ಶಿಫಾರಸಿನ ಪ್ರಕಾರ, ಪರದೆಯ ಮೇಲಿನ ಚಿತ್ರಕ್ಕಿಂತ ದನಿ ಸೆಕೆಂಡಿನ ಸಾವಿರದಲ್ಲಿ 45 ಭಾಗ ಮುಂದಾದರೆ ನೋಡುವವರಿಗೆ ತಿಳಿದುಹೋಗುತ್ತದೆ. ಹಿಂದುಳಿದರೆ ಸುಮಾರು 125 ಭಾಗದವರೆಗೆ ಗೊತ್ತಾಗುವುದಿಲ್ಲ.

ಬಿಂಬವನ್ನೂ ದನಿಯನ್ನೂ ಜೊತೆಗೂಡಿಸುವುದು ಯಂತ್ರ ಬಲ್ಲವರ ಕೆಲಸ. ಸಾಹಿತ್ಯ ಪಾಠ ಹೇಳುವವನಿಗೆ ಅದರಲ್ಲೇನಿದೆ ಎಂದು ಓದುಗರು ಕೇಳಬಹುದು. ಬೇರೆ ಬೇರೆ ಗತಿಯಲ್ಲಿ ನಡೆಯುವ ಎರಡನ್ನು ಒಂದು ಮಾಡಬೇಕಾದಾಗ ಯಾವುದು ಯಾವುದಕ್ಕೆ ಬಾಗಬೇಕು, ಬಾಗಿಸುವವನಿಗೆ ಎಷ್ಟರಮಟ್ಟಿಗೆ ಹಕ್ಕಿದೆ ಎಂಬ ಪ್ರಶ್ನೆ ಯಂತ್ರದ್ದಲ್ಲ, ನೀತಿಯದು. ಆದರೂ ಯಂತ್ರದ ಮರ್ಮ ತಿಳಿಯದೆ ನೀತಿಯನ್ನು ಹೇಳಲು ಹೊರಟರೆ ಅದು ಬರಿಯ ಮಾತಾಗುತ್ತದೆ. ಆ ಮರ್ಮವನ್ನೇ ಮೊದಲು ನೋಡೋಣ.

ಚಲಚ್ಚಿತ್ರವೆಂಬುದು ಒಂದರ ಹಿಂದೊಂದು ಓಡುವ ನಿಶ್ಚಲ ಚಿತ್ರಗಳ ಸಾಲು. ಮೂಕಿಚಿತ್ರಗಳ ಕಾಲದಲ್ಲಿ ಕ್ಯಾಮರಾದ ಹಿಡಿಯನ್ನು ಬಹುಮಟ್ಟಿಗೆ ಕೈಯಿಂದಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ ಹದಿನಾರೋ ಹದಿನೆಂಟೋ ಚಿತ್ರ; ಒಬ್ಬನ ಕೈ ಚುರುಕು, ಇನ್ನೊಬ್ಬನದು ಮಂದ. ಅದರಿಂದ ದೊಡ್ಡ ಹಾನಿಯೇನೂ ಆಗಲಿಲ್ಲ. ಏಕೆಂದರೆ ಕಣ್ಣು ಉದಾರಿ. 1920ರ ದಶಕದ ಕೊನೆಯಲ್ಲಿ ಚಿತ್ರಕ್ಕೆ ಮಾತು ಬಂದಾಗ ಈ ಸ್ವಾತಂತ್ರ್ಯ ಮುಗಿಯಿತು. ವೇಗ ತುಸು ಏರಿಳಿದರೂ ಹಾಡು ಅಪಸ್ವರವಾಗುತ್ತದೆ, ಕಿವಿ ಸಹಿಸುವುದಿಲ್ಲ. ಆದುದರಿಂದ ಸೆಕೆಂಡಿಗೆ 24 ಚಿತ್ರವೆಂದು ಗೊತ್ತುಮಾಡಿದರು. 1934ರಲ್ಲಿ ‘ಸತಿ ಸುಲೋಚನ’ದಿಂದ ಕನ್ನಡ ಮಾತನಾಡತೊಡಗಿದ ನಮ್ಮ ಚಿತ್ರರಂಗವೂ ಈ ಶಿಸ್ತಿಗೆ ಒಳಪಟ್ಟಿತು. ಬಿಂಬಕ್ಕೆ ಗತಿಯನ್ನು ಕಲಿಸಿದ್ದು ದನಿಯೇ ಎನ್ನಬೇಕು.

ಆಮೇಲೆ ಟೆಲಿವಿಷನ್ ಬಂದಿತು. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತವಿರುವ ದೇಶಗಳು, ನಮ್ಮ ದೇಶವೂ ಸೇರಿದಂತೆ, ಸೆಕೆಂಡಿಗೆ 25 ಚಿತ್ರಗಳ ಪದ್ಧತಿಯನ್ನು ಹಿಡಿದವು. 60 ಆವರ್ತವಿದ್ದ ಅಮೆರಿಕೆಯು 30ನ್ನು ಹಿಡಿದು, 1953ರಲ್ಲಿ ಬಣ್ಣದ ಪ್ರಸಾರಕ್ಕೆ ಒಗ್ಗಿಸುವ ಸಲುವಾಗಿ ಅದನ್ನು 29.97ಕ್ಕೆ ಇಳಿಸಿತು. ಈಗ 24ರ ಚಿತ್ರವನ್ನು 25ರ ಪದ್ಧತಿಯಲ್ಲಿ ತೋರಿಸುವುದು ಹೇಗೆ? ಸುಲಭವಾದ ದಾರಿ, ಇಡೀ ಚಿತ್ರವನ್ನೇ ಅಷ್ಟು ಬೇಗ ಓಡಿಸುವುದು. ಎರಡು ಗಂಟೆಯ ಚಿತ್ರ 115 ನಿಮಿಷ 12 ಸೆಕೆಂಡಿಗೆ ಮುಗಿಯುತ್ತದೆ. ಹೆಚ್ಚಿನವರಿಗೆ ಇದು ತಿಳಿಯುವುದೇ ಇಲ್ಲ. ಆದರೆ ಶ್ರುತಿಜ್ಞಾನವುಳ್ಳವನು ಬೆಚ್ಚುತ್ತಾನೆ: ಎಲ್ಲ ದನಿಗಳೂ ಅರ್ಧ ಸ್ವರದ ಹತ್ತರಲ್ಲಿ ಏಳು ಪಾಲಿನಷ್ಟು ಮೇಲೇರಿರುತ್ತವೆ.

ಹೀಗೆ ವೇಗ ಹೆಚ್ಚಿಸಿದ ಪ್ರತಿಯಿಂದ ದನಿಯನ್ನಷ್ಟೇ ತೆಗೆದು 24ರ ಮೂಲಚಿತ್ರಕ್ಕೆ ಜೋಡಿಸಿದರೆ ಏನಾಗುತ್ತದೆ? ಮೊದಲ ಮಾತಿನಲ್ಲಿ ತುಟಿಯೂ ದನಿಯೂ ಸರಿಯಾಗಿಯೇ ಕೂಡುತ್ತವೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ದನಿ 2.4 ಸೆಕೆಂಡು ಮುಂದೆ ಹೋಗಿರುತ್ತದೆ. ಹತ್ತು ನಿಮಿಷಕ್ಕೆ 24 ಸೆಕೆಂಡು. ನಾಯಕ ಇನ್ನೂ ಬಾಗಿಲು ತಟ್ಟಿರುವುದಿಲ್ಲ, ಒಳಗಿನಿಂದ “ಯಾರದು?” ಎಂದು ಕೇಳಿಬಿಡುತ್ತದೆ.

ಇಂತಹದನ್ನು ಕಂಡ ಕೂಡಲೆ ನಮ್ಮ ಕೈ ಮಾಡುವ ಮೊದಲ ಕೆಲಸವೆಂದರೆ ದನಿಯನ್ನು ಹಿಂದಕ್ಕೆ ಸರಿಸುವುದು. ಸರಿಸಿದ ಜಾಗದಲ್ಲಿ ಎಲ್ಲವೂ ಸರಿಹೋದಂತೆ ಕಾಣುತ್ತದೆ. ಎರಡು ನಿಮಿಷದಲ್ಲಿ ಮತ್ತೆ ಅದೇ ಪಾಡು. ಏಕೆಂದರೆ ಇಲ್ಲಿ ಎರಡು ಬಗೆಯ ದೋಷಗಳಿವೆ. ಒಂದು, ಹೊರಟ ಹೊತ್ತಿನ ದೋಷ: ಒಬ್ಬನು ಮುಂಚೆ ಹೊರಟ, ಇನ್ನೊಬ್ಬನು ತಡವಾಗಿ ಹೊರಟ. ಒಮ್ಮೆ ಸರಿಸಿದರೆ ಅದು ತೀರಿತು. ಇನ್ನೊಂದು ಗತಿಯ ದೋಷ. ಇದನ್ನು ಎಷ್ಟು ಸಲ ಸರಿಸಿದರೂ ತೀರದು, ಗತಿಯನ್ನೇ ಮುಟ್ಟಬೇಕು. ಸಂಸಾರದ ಮನಸ್ತಾಪಗಳಲ್ಲಿ ನಾವು ಮಾಡುವುದೂ ಹೆಚ್ಚಾಗಿ ಮೊದಲನೆಯ ಬಗೆಯ ಚಿಕಿತ್ಸೆಯೇ. ತಂದೆಗೂ ಮಗನಿಗೂ ಮಾತು ಮುರಿದರೆ ಹಬ್ಬದ ದಿನ ಎದುರುಬದುರು ಕೂರಿಸಿ ರಾಜಿ ಮಾಡಿಸುತ್ತೇವೆ. ಅಂದಿನ ಮಟ್ಟಿಗೆ ಇಬ್ಬರೂ ಕೂಡುತ್ತಾರೆ. ಆದರೆ ಒಬ್ಬರ ಬಾಳು ನಡೆಯುವ ವೇಗ ಬೇರೆ, ಇನ್ನೊಬ್ಬರದು ಬೇರೆ. ಮುಂದಿನ ಹಬ್ಬದ ಹೊತ್ತಿಗೆ ಅಂತರ ಮತ್ತೆ ಬೆಳೆದಿರುತ್ತದೆ. ಆಗ “ಎಷ್ಟು ಹೇಳಿದರೂ ಇವರಿಗೆ ಬುದ್ಧಿ ಬರಲಿಲ್ಲ” ಎಂದು ಇಬ್ಬರನ್ನೂ ದೂರುತ್ತೇವೆ. ದೋಷ ಬುದ್ಧಿಯಲ್ಲಿಲ್ಲ, ನಾವು ಮಾಡಿದ ರೋಗನಿದಾನದಲ್ಲಿದೆ.

ಗತಿಯ ಭೇದವನ್ನು ಕಂಡುಹಿಡಿಯುವ ಬಗೆಯೂ ವಿಚಾರ ಮಾಡತಕ್ಕದ್ದೇ. ಇರುಳಿಡೀ ನಡೆಯುವ ಒಂದು ಯಕ್ಷಗಾನ ಪ್ರಸಂಗವನ್ನು ಕ್ಯಾಮರಾ ಒಂದರಲ್ಲಿಯೂ ಧ್ವನಿಮುದ್ರಣ ಯಂತ್ರ ಇನ್ನೊಂದರಲ್ಲಿಯೂ ಹಿಡಿಯುತ್ತಾರೆಂದು ಇಟ್ಟುಕೊಳ್ಳಿ. ಎರಡರೊಳಗೂ ಒಂದೊಂದು ಗಡಿಯಾರವಿರುತ್ತದೆ. ಅವುಗಳ ನಡುವೆ ಹತ್ತು ಲಕ್ಷದಲ್ಲಿ ಐವತ್ತು ಭಾಗದಷ್ಟು ಮಾತ್ರ ವ್ಯತ್ಯಾಸವಿದ್ದರೂ, ಗಂಟೆಗೆ 0.18 ಸೆಕೆಂಡಿನಂತೆ ಎಂಟು ಗಂಟೆಗೆ ಸುಮಾರು ಒಂದೂವರೆ ಸೆಕೆಂಡಾಗುತ್ತದೆ. ಬೆಳಗಿನ ಜಾವದ ಹೊತ್ತಿಗೆ ಚೆಂಡೆಯ ಪೆಟ್ಟು ಒಂದು ಕಡೆ, ಕೋಲು ಒಂದು ಕಡೆ. ಎರಡು ಯಂತ್ರಗಳೂ ತಮ್ಮ ಮಟ್ಟಿಗೆ ಪ್ರಾಮಾಣಿಕವೇ. ಯಾವುದೂ ಸುಳ್ಳು ಹೇಳಿಲ್ಲ. ಈ ವ್ಯತ್ಯಾಸವನ್ನು ತಿಳಿಯಲು ಅನುಭವಸ್ಥರು ಮೊದಲಲ್ಲಿ ಒಂದು ಚಪ್ಪಾಳೆ ತಟ್ಟಿ, ಮುಗಿಯುವಾಗ ಇನ್ನೊಂದು ತಟ್ಟುತ್ತಾರೆ. ಒಂದು ಚಪ್ಪಾಳೆಯಿಂದ ಇಬ್ಬರೂ ಎಲ್ಲಿ ಹೊರಟರೆಂಬುದು ಮಾತ್ರ ತಿಳಿದೀತು. ಹೇಗೆ ನಡೆದರೆಂಬುದನ್ನು ತಿಳಿಯಲು ಎರಡನೆಯದು ಬೇಕೇ ಬೇಕು. ಒಬ್ಬ ಮನುಷ್ಯನನ್ನು ಒಂದು ಭೇಟಿಯಲ್ಲಿ ಅಳೆಯಬಾರದೆಂದು ಹಿರಿಯರು ಹೇಳುವುದಕ್ಕೂ ಇದೇ ಕಾರಣವಿರಬಹುದು.

ಇನ್ನು ಬಾಗಬೇಕಾದ್ದು ಯಾವುದು? ನಮ್ಮ ಸಂಗೀತಗಾರರು ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಕರೆಯುತ್ತಾರೆ. ಹಳೆಯ ಯಂತ್ರಗಳಲ್ಲಿ ಈ ದಂಪತಿಗಳನ್ನು ಅಗಲಿಸುವುದು ಸುಲಭವಾಗಿರಲಿಲ್ಲ: ಲಯ ಚುರುಕಾದರೆ ಶ್ರುತಿ ಏರುತ್ತಿತ್ತು, ನಿಧಾನವಾದರೆ ಇಳಿಯುತ್ತಿತ್ತು. ಇಂದಿನ ಕಂಪ್ಯೂಟರು ಶ್ರುತಿಯನ್ನು ಇದ್ದಲ್ಲೇ ಇಟ್ಟು ಲಯವನ್ನು ಮಾತ್ರ ಎಳೆಯಬಲ್ಲದು. ಇದು ದೊಡ್ಡ ಅನುಕೂಲ. ಆದರೆ ಹೆಚ್ಚು ಎಳೆದರೆ ದನಿಯ ನಾರು ಬಿಟ್ಟುಕೊಂಡಂತೆ ಕೇಳುತ್ತದೆ. ದನಿಯನ್ನು ಮುಟ್ಟದೆ, ಸೆಕೆಂಡಿಗೊಂದು ಚಿತ್ರವನ್ನು ಎರಡು ಸಲ ತೋರಿಸಿ ಬಿಂಬವನ್ನೇ ಹೊಂದಿಸಿದರೆ ಹಾಡು ಉಳಿಯುತ್ತದೆ. ನಡೆಯುವ ಕಾಲು ಸೆಕೆಂಡಿಗೊಮ್ಮೆ ತೊಡರಿದಂತೆ ಕಾಣುತ್ತದೆ. ಬೆಲೆ ತೆರದೆ ಆಗುವ ಹೊಂದಾಣಿಕೆ ಯಾವುದೂ ಇಲ್ಲ. ತನ್ನ ಸ್ವಭಾವ ಕೆಡದೆ ಯಾವುದು ಬಾಗಬಲ್ಲುದೋ ಅದು ಬಾಗಲಿ ಎಂಬುದೇ ಇಲ್ಲಿ ನ್ಯಾಯ. ಕಚೇರಿಯ ಮುದ್ರಣವಾದರೆ ಬಿಂಬ ಬಾಗಲಿ. ನೃತ್ಯವಾದರೆ ಕಣ್ಣಿಗೆ ಕಾಣುವ ಹೆಜ್ಜೆಗೇ ಮೊದಲ ಮರ್ಯಾದೆ. ಲೋಕದಲ್ಲಿ ಮಾತ್ರ ಸಾಮಾನ್ಯವಾಗಿ ಬಾಗುವವರು ಬಾಗಬಲ್ಲವರಲ್ಲ, ಎದುರಾಡಲಾರದವರು. ನಿಧಾನವಾಗಿ ಅರಿಯುವ ಹುಡುಗನನ್ನು ತರಗತಿಯ ವೇಗಕ್ಕೆ ಎಳೆಯುತ್ತೇವೆ. ಅವನ ದನಿ ಕರ್ಕಶವಾದರೆ ಅವನನ್ನೇ ಬೈಯುತ್ತೇವೆ.

ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದಿದೆ. 2018ರಲ್ಲಿ ನ್ಯೂಜಿಲೆಂಡಿನ ನಿರ್ದೇಶಕ ಪೀಟರ್ ಜಾಕ್ಸನ್ ಅವರು ‘ದೇ ಶಾಲ್ ನಾಟ್ ಗ್ರೋ ಓಲ್ಡ್’ ಎಂಬ ಚಿತ್ರವನ್ನು ಹೊರತಂದರು. ಮೊದಲನೆಯ ಮಹಾಯುದ್ಧದ ಮೂಕಿಚಿತ್ರದ ತುಣುಕುಗಳೇ ಅದರ ಸಾಮಗ್ರಿ. ಕೈಯಿಂದ ತಿರುಗಿಸಿ ತೆಗೆದ ಅವನ್ನು ಇಂದಿನ ವೇಗದಲ್ಲಿ ಓಡಿಸಿದರೆ, ಸಾಯಲು ಹೊರಟ ಸಿಪಾಯಿಗಳು ವಿದೂಷಕರಂತೆ ಪುಟಪುಟನೆ ಓಡಾಡುತ್ತಾರೆ. ಜಾಕ್ಸನ್ ಅವರು ಕಂಪ್ಯೂಟರಿನ ನೆರವಿನಿಂದ ನಡುನಡುವೆ ಹೊಸ ಚಿತ್ರಗಳನ್ನು ಹುಟ್ಟಿಸಿ, ಆ ನಡಿಗೆಯನ್ನು ಮನುಷ್ಯರ ನಡಿಗೆಗೆ ತಂದರು. ತುಟಿಯ ಚಲನೆಯನ್ನು ಓದಬಲ್ಲವರನ್ನು ಕರೆಸಿ, ಸಿಪಾಯಿಗಳು ಆಡಿದ ಮಾತೇನೆಂದು ತಿಳಿದು, ನಟರಿಂದ ಅದನ್ನು ನುಡಿಸಿದರು.

ಇದು ಸರಿಯೇ? ಯಾವ ಕ್ಯಾಮರಾವೂ ಕಾಣದ ಚಿತ್ರ, ಯಾವ ಯಂತ್ರವೂ ಕೇಳದ ದನಿ; ಚರಿತ್ರೆಗೆ ಹೀಗೆ ಸೇರಿಸುವುದು ಕೂಡದೆನ್ನುವವರ ಮಾತಿನಲ್ಲಿ ತೂಕವಿದೆ. ಆದರೆ ಮುಟ್ಟದೆ ಬಿಡುವುದು ನಿರ್ದೋಷವೆಂದೂ ತಿಳಿಯಬಾರದು. ಆ ಸಿಪಾಯಿಗಳು ಹಾಗೆ ಪುಟಪುಟನೆ ಎಂದೂ ನಡೆದವರಲ್ಲ. ನಮ್ಮ ಯಂತ್ರದ ವೇಗವನ್ನು ಅವರ ಮೇಲೆ ಹೇರಿ, ಅವರು ನಗೆಗೀಡಾಗುವಂತೆ ಮಾಡಿದ್ದೂ ಒಂದು ಸುಳ್ಳೇ. ಅದಕ್ಕೆ ಯಾರೂ ಹೊಣೆಯಾಗಲಿಲ್ಲ ಎಂಬುದೊಂದೇ ವ್ಯತ್ಯಾಸ. ಹಿಂದಿನವರನ್ನು ನಮ್ಮ ಗತಿಯಲ್ಲಿ ಓಡಿಸಿ ನೋಡಿ ನಗುವ ಚಾಳಿ ಚಲಚ್ಚಿತ್ರಕ್ಕೆ ಮಾತ್ರ ಸೀಮಿತವಲ್ಲ. ಹಳಗನ್ನಡ ಕಾವ್ಯಗಳನ್ನು ಅವಸರದಿಂದ ಓದಿ ಬೇಸರವೆನ್ನುವವರಲ್ಲಿಯೂ ಅದಿದೆ.

ನನಗೆ ತೋರುವುದು ಇಷ್ಟು. ನಡಿಗೆಯನ್ನು ತಿದ್ದಿದ್ದು ಇದ್ದ ಸತ್ಯವನ್ನು ಮರಳಿ ತಂದಂತೆ; ಮಾತನ್ನು ನುಡಿಸಿದ್ದು ಊಹೆ, ಎಷ್ಟೇ ಶ್ರದ್ಧೆಯಿಂದ ಮಾಡಿದರೂ ಊಹೆಯೇ. ಎರಡಕ್ಕೂ ಎಡೆಯಿದೆ, ಆದರೆ ಒಂದನ್ನು ಇನ್ನೊಂದೆಂದು ತೋರಿಸಬಾರದು. ಮೂಲದ ಪ್ರತಿಯನ್ನು ಅದರ ಗತಿಯಲ್ಲಿಯೇ ಉಳಿಸಿ, ಬಾಗಿಸಿದ ಪ್ರತಿಯ ಮೇಲೆ ಎಷ್ಟು ಬಾಗಿಸಿದೆವೆಂದು ಬರೆದಿಟ್ಟರೆ, ಮುಂದೆ ಬರುವವರು ನಮ್ಮ ಕೈವಾಡವನ್ನು ಕಳೆದು ಮೊದಲಿನದನ್ನು ಕಂಡುಕೊಳ್ಳಬಹುದು. ಮನುಷ್ಯರ ವಿಷಯದಲ್ಲಿ ಈ ಅನುಕೂಲವಿಲ್ಲ. ಒಬ್ಬನನ್ನು ಇನ್ನೊಬ್ಬನ ಗತಿಗೆ ಎಳೆದ ಮೇಲೆ ಹಿಂತಿರುಗಿ ನೋಡಲು ಅವನ ಮೂಲಪ್ರತಿ ಎಲ್ಲಿಯೂ ಇರುವುದಿಲ್ಲ. ಅಲ್ಲಿ ನಮ್ಮ ಕೈ ಇನ್ನಷ್ಟು ಹಗುರವಾಗಿರಬೇಕು.