ಯಾರೂ ಇಲ್ಲದ ಕೋಣೆಗೆ ಬಿಸಿ ಏಕೆ?

ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ವ್ಯತ್ಯಾಸವೇನು? ಬ್ರಿಟನ್ನಿನ ಚಳಿಗಾಲದ ಒಂದು ಮನೆಯನ್ನು ಊಹಿಸಿಕೊಳ್ಳಿ. ಗ್ಯಾಸ್ ಬಾಯ್ಲರಿನಲ್ಲಿ ಕಾದ ನೀರು ಕೊಳವೆಗಳಲ್ಲಿ ಹರಿದು ಪ್ರತಿ ಕೋಣೆಯ ರೇಡಿಯೇಟರನ್ನು ಬಿಸಿಮಾಡುತ್ತದೆ. ಮಕ್ಕಳೆಲ್ಲ ಬೇರೆ ಊರು ಸೇರಿದ್ದಾರೆ. ಉಳಿದಿರುವುದು ವೃದ್ಧ ದಂಪತಿ ಮಾತ್ರ. ಬಿಸಿಯಾಗುವುದು ಐದು ಕೋಣೆ!

ಇಲ್ಲಿ ಉಪಾಯ ಸುಲಭ. ಖಾಲಿ ಕೋಣೆಯ ರೇಡಿಯೇಟರನ್ನು ತಗ್ಗಿಸಿ ಬಾಗಿಲು ಮುಚ್ಚಬೇಕು. ಬಾಗಿಲಡಿಯ ಸಂದಿಗೆ ಬಟ್ಟೆಯ ಸುರುಳಿ ಇಡಬೇಕು. ಪೂರ್ತಿ ಆರಿಸಿದರೆ ಗೋಡೆಗೆ ಬೂಷ್ಟು ಹಿಡಿಯಬಹುದು; ಕಡು ಚಳಿಯಲ್ಲಿ ನೀರು ಹೆಪ್ಪುಗಟ್ಟಿ ಕೊಳವೆಯೇ ಒಡೆಯಬಹುದು.

ಆದರೆ ಉಳಿತಾಯದ ಭರದಲ್ಲಿ ಹಿರಿಯರ ಕೋಣೆಯನ್ನೂ ತಣ್ಣಗಾಗಿಸಿದರೆ ಅದು ಜಿಪುಣತನ. ಶೀತ ದೇಶಗಳ ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸೂಚಿಸಿದೆ. ವೃದ್ಧರಿಗೂ ಮಕ್ಕಳಿಗೂ ಇನ್ನೂ ಹೆಚ್ಚು ಬೇಕಾಗಬಹುದು.

2022ರಲ್ಲಿ ಇಂಧನದ ಬೆಲೆ ಏರಿದಾಗ ಬ್ರಿಟನ್ನಿನ ಅನೇಕ ಗ್ರಂಥಾಲಯ, ಚರ್ಚು, ಮಸೀದಿಗಳು ಮನೆ ಬೆಚ್ಚಗಿಡಲಾಗದವರಿಗಾಗಿ ಬಾಗಿಲು ತೆರೆದವು. ಒಂದೇ ಊರಿನಲ್ಲಿ ಒಂದೆಡೆ ಖಾಲಿ ಕೋಣೆಗೆ ಬಿಸಿ, ಇನ್ನೊಂದೆಡೆ ಮನುಷ್ಯರಿಗೆ ಚಳಿ. 'ಹಣ ನನ್ನದು, ಮನೆ ನನ್ನದು' ಎಂದರೆ ಇದಕ್ಕೆ ಉತ್ತರವಾಯಿತೇ? ಅಲ್ಲಾಹನು ಕೊಟ್ಟ ಸಂಪತ್ತಿನಲ್ಲಿ ಬಡವರ ಹಕ್ಕೂ ಇದೆಯಲ್ಲವೇ?

ಬಾಗಿಲು ಮುಚ್ಚಿ ಉಳಿಸಿದ ಹಣವನ್ನು ಕೂಡಿಟ್ಟರೆ ದುಂದುವೆಚ್ಚ ನಿಂತಿತು, ಅಷ್ಟೆ. ಅದರಲ್ಲೊಂದು ಪಾಲು ನಡುಗುವ ನೆರೆಯವನನ್ನು ತಲುಪಿದರೆ ಅದೇ ಉಳಿತಾಯ ಸತ್ಕರ್ಮವಾಗುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ ನಿಜ. ಈಗ ನಿಮ್ಮ ಮನೆಯಲ್ಲಿ ಯಾರೂ ಇಲ್ಲದ ಕೋಣೆಯ ಫ್ಯಾನು ತಿರುಗುತ್ತಿದೆಯೇ? ಒಮ್ಮೆ ಎದ್ದು ನೋಡಿ.