ವೈದ್ಯನು ರೋಗಿಯನ್ನು ಬಿಟ್ಟು ಹೋಗಬಹುದೋ?

ಜ್ವರದಿಂದ ಬಿದ್ದವನ ನಾಡಿಯನ್ನು ಹಿಡಿದು ನೋಡುವ ವೈದ್ಯನು ಆ ಕೈಯನ್ನು ಬಿಟ್ಟು ರಾಜಕಾರ್ಯಕ್ಕೆ ಹೋಗುವದು ನ್ಯಾಯವೋ? ಇದನ್ನು ನಾವು ಒಬ್ಬ ಕನ್ನಡಿಗರ ಜೀವಿತದ ಮೂಲಕ ವಿಚಾರಿಸೋಣ.

ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರರು 1889ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಕಲ್ಕತ್ತೆಯಲ್ಲಿ ವೈದ್ಯವಿದ್ಯೆಯನ್ನು ಕಲಿತು, ಅಮೇರಿಕ ದೇಶದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಜನಾರೋಗ್ಯದ ಶಾಸ್ತ್ರವನ್ನು ಅಭ್ಯಾಸಮಾಡಿದರು. ಅಲ್ಲಿಯೇ ಲಾಲಾ ಲಜಪತರಾಯರ ಸಂಗಡ ಸ್ವದೇಶದ ಬಿಡುಗಡೆಗಾಗಿ ದುಡಿದರು. 1921ರಲ್ಲಿ ಹಿಂದಿರುಗಿದ ಮೇಲೆ ವೈದ್ಯವೃತ್ತಿಯಿಂದ ಹಣ ಕೂಡಿಸುವದನ್ನು ಬಿಟ್ಟು, 1923ರಲ್ಲಿ ಹಿಂದೂಸ್ಥಾನಿ ಸೇವಾದಳವನ್ನು ಸ್ಥಾಪಿಸಿ ಯೌವನಸ್ಥರಿಗೆ ಶಿಸ್ತನ್ನು ಕಲಿಸಿದರು, ಸೆರೆವಾಸವನ್ನೂ ಅನುಭವಿಸಿದರು. 1952ರಿಂದ 1962ರ ವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು.

ಕೆಲವರು ಆಕ್ಷೇಪಿಸಿ, "ಈ ರಾತ್ರಿಯ ಜ್ವರವು ನಾಳಿನ ಸಭೆಗಾಗಿ ಕಾದಿರುವದೋ?" ಎಂದು ಕೇಳುವರು. ಈ ಮಾತು ಹುರುಳಿಲ್ಲದ್ದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಮಳೆಗಾಲದ ಹಳ್ಳ ದಾಟಿ ರೋಗಿಯನ್ನು ಹೊತ್ತುಕೊಂಡು ಹೋದವರು ಇದರ ಭಾರವನ್ನು ಬಲ್ಲರು.

ಆದರೆ ಮಂಗನ ಕಾಯಿಲೆಯನ್ನು ನೆನಸಿರಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಜ್ವರವು ನಮ್ಮ ಮೂರು ತಾಲೂಕುಗಳನ್ನೂ ಬಾಧಿಸಿತು. 2019ರಲ್ಲಿ ಸಾಗರದ ಅರಳಗೋಡು ಸೀಮೆಯಲ್ಲಿ ಅನೇಕ ಮನೆಗಳು ಅತ್ತವು. ಸೊಪ್ಪಿಗೂ ದರಗಿಗೂ ಕಾಡಿಗೆ ಹೋದವರನ್ನು ಉಣುಗು ಕಚ್ಚುವದರಿಂದ ಅದು ಬರುತ್ತದೆ. ಅದನ್ನು ನೇರವಾಗಿ ಗುಣಪಡಿಸುವ ಔಷಧವಿಲ್ಲ. ಉಪಚಾರ ಮಾತ್ರ ಉಂಟು. ಇಂಥಾ ರೋಗದ ಮುಂದೆ ಹಾಸಿಗೆಯ ಬಳಿ ಕೂತಿರುವ ಅತ್ಯುತ್ತಮ ವೈದ್ಯನೂ ಅರ್ಧ ಕೆಲಸವನ್ನೇ ಮಾಡಬಲ್ಲನು. ಮಿಕ್ಕ ಅರ್ಧವು, ಅಂದರೆ ದಾರಿ, ಆಸ್ಪತ್ರೆ, ಪರೀಕ್ಷೆ, ಮುನ್ನೆಚ್ಚರಿಕೆ ಇವೆಲ್ಲವು, ಸಭೆಗಳಲ್ಲಿ ತೀರ್ಮಾನವಾಗುತ್ತವೆ. ರೋಗಿಯ ನರಳಾಟವನ್ನು ಕೇಳಿದವನು ಅಲ್ಲಿ ಒಬ್ಬನೂ ಇಲ್ಲದಿದ್ದರೆ, ರೋಗಿಗಾಗಿ ಮಾತಾಡುವವನು ಯಾರು?

ಆದಕಾರಣ ವೈದ್ಯನು ಎಲ್ಲಿ ಕೂತಿದ್ದಾನೆಂಬದು ಮುಖ್ಯವಲ್ಲ. ರೋಗಿಯು ಅವನ ಕಣ್ಣಿನ ಮುಂದೆ ಇದ್ದಾನೋ ಎಂಬದೇ ಮುಖ್ಯ. ಹರ್ಡೀಕರರು ಈ ಪರೀಕ್ಷೆಯಲ್ಲಿ ನಿಂತರು. ಯಾಕಂದರೆ ಚಳವಳಿಯ ನಡುವೆಯೇ, 1929ರಲ್ಲಿ, ಇತರ ವೈದ್ಯರೊಡನೆ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಸ್ಥಾಪಿಸಿದರು. ಮಾನಕ್ಕಾಗಿ ರೋಗಿಯನ್ನು ಮರೆತವನಾದರೋ ವೃತ್ತಿಯನ್ನಲ್ಲ, ನಂಬಿಕೆಯನ್ನೇ ಬಿಟ್ಟವನು.

ಈ ಪರೀಕ್ಷೆಯು ದೊಡ್ಡವರಿಗೆ ಮಾತ್ರವಲ್ಲ, ನಮಗೂ ಉಂಟು. ಕಾಡಿನಲ್ಲಿ ಸತ್ತ ಮಂಗವನ್ನು ಕಂಡು, "ನನಗೇನು?" ಎಂದು ಸುಮ್ಮನೆ ಮನೆಗೆ ಬರುವವನು ನೆರೆಯವನ ಕೈಯನ್ನು ಬಿಟ್ಟವನೇ. ಅದನ್ನು ಮುಟ್ಟದೆ ಆರೋಗ್ಯಕೇಂದ್ರಕ್ಕೆ ತಿಳಿಸುವವನು, ನಾಡಿ ನೋಡಲು ಅರಿಯದಿದ್ದರೂ, ವೈದ್ಯನ ಕೆಲಸದಲ್ಲಿ ಪಾಲುಗಾರನಾಗಿದ್ದಾನೆ.